ಚಾರ್ಜ್ ಆಗದ ಲ್ಯಾಪ್‌ಟಾಪು ಮತ್ತು ಹೊಸ ಗೋಡೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸಮಸ್ತ ಕಸುಬುದಾರರ ಅವಗಾಹನೆಗೆ ತರುವುದೇನೆಂದರೆ, ಸದರಿ ಐದೂ ತಾಲ್ಲೂಕುಗಳ ಸಂಯುಕ್ತ ಕಸುಬುದಾರರ ನೋಂದಣಿ ಕಚೇರಿಯ ಏಕೈಕ ಲ್ಯಾಪ್‌ಟಾಪು ಆಯುಧಪೂಜೆಯ ಮಾರನೆಯ ದಿನದಿಂದ ಚಾರ್ಜ್ ಆಗುತ್ತಿಲ್ಲ. ಇದರಿಂದ ಸಾರ್ವಜನಿಕರಿಗೆ ಯಾವ ತೊಂದರೆಯೂ ಆಗಿಲ್ಲವೆಂದು ಕಚೇರಿ ಈಗಾಗಲೇ ದೃಢಪಡಿಸಿದೆ.

ತೊಂದರೆ ಆದದ್ದು ಕೂಡ್ಲಿಗಿಯ ಹೈದರಸಾಬನಿಗೆ. ಫ್ಯಾನು, ಮಿಕ್ಸಿ, ನೀರಿನ ಮೋಟಾರು ಕೆಟ್ಟರೆ ಜನ ಅವನ ಡಬ್ಬಾ ಅಂಗಡಿಗೆ ಹೊತ್ತು ತರುತ್ತಿದ್ದರು. ಬಾಯಿ ತುಸು ಜಾಸ್ತಿ, ಕೈ ಪರವಾಗಿಲ್ಲ. ರಸ್ತೆ ಅಗಲ ಮಾಡಲು ಡಬ್ಬಾ ಅಂಗಡಿಗಳನ್ನೆಲ್ಲ ಎತ್ತಿಸುವುದೆಂದೂ, ಹೊಸದಾಗಿ ಕಟ್ಟಿದ ಮಳಿಗೆಗಳನ್ನು ಕಸುಬುದಾರರ ಕಾರ್ಡು ಇದ್ದವರಿಗೇ ಕೊಡುವುದೆಂದೂ ತೀರ್ಮಾನವಾಗಿತ್ತು. ಕಾರ್ಡಿಲ್ಲದಿದ್ದರೆ ಮಳಿಗೆಯಿಲ್ಲ, ಮಳಿಗೆಯಿಲ್ಲದಿದ್ದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಇದನ್ನು ಅವನ ಹೆಂಡತಿ ಹಾಜಿರಾ ಬೀ ದಿನಾ ಬೆಳಿಗ್ಗೆ ಚಹಾದ ಜೊತೆಗೇ ಕೊಡುತ್ತಿದ್ದಳು. ಹಾಗಾಗಿ ಅವನು ಬಸ್ಸು ಹತ್ತಿ ಕೊಟ್ಟೂರಿನಲ್ಲಿದ್ದ ಕಚೇರಿಗೆ ಬಂದ.

ಕಚೇರಿಯಲ್ಲಿ ಇದ್ದದ್ದು ಇಬ್ಬರು: ಮೇಲ್ವಿಚಾರಕರಾದ ಅಂಜಿನೇಯಲು ಸಾಹೇಬರು, ಕಂಪ್ಯೂಟರ್ ಕೆಲಸದ ಗೀತಮ್ಮ.

"ಚಾರ್ಜ್ ಯಾಕ ಆಗವಲ್ದು ಮೇಡಮ್ಮಾರ?" ಎಂದು ಹೈದರಸಾಬ ಗೀತಮ್ಮನನ್ನು ಕೇಳಿದ.

"ಪೂಜಿ ದಿನ ಸಾಹೇಬ್ರು ಗಂಧ ಹಚ್ಚಿದ್ರಲ್ರಿ, ಚಾರ್ಜರ್ ಪಿನ್ ಹಾಕೋ ತೂತಿಗೂ ಹಚ್ಯಾರ. ಬೆರಳಿಂದ ಒತ್ತಿ ಹಚ್ಯಾರ. ಒಣಗಿ ಕಲ್ಲಾಗೇತಿ," ಎಂದಳು ಗೀತಮ್ಮ.

ಇದೇನು ಗುಟ್ಟಲ್ಲ. ಎದುರಿಗೆ ಮಂಡಕ್ಕಿ-ಮಿರ್ಚಿ ಮಾರುವ ಪಕ್ಕೀರಮ್ಮನಿಗೂ ಗೊತ್ತು. ಮುಚ್ಚಳಕ್ಕೆ ವಿಭೂತಿ, ಕೀಲಿಮಣೆಗೆ ಕುಂಕುಮ, ಮೌಸಿಗೆ ಸೇವಂತಿಗೆ ಏರಿಸಿದ ಮೇಲೆ ಆ ತೂತೊಂದೇ ಬೋಳಾಗಿ ಕಂಡು, ಸಾಹೇಬರು ತೋರುಬೆರಳ ತುಂಬ ಗಂಧ ತೆಗೆದುಕೊಂಡದ್ದನ್ನು ಇಡೀ ಓಣಿ ನೋಡಿತ್ತು. ಕುಂಬಳಕಾಯಿ ಯಾವಾಗ ಒಡೆಯುತ್ತಾರೋ ಎಂದು ಕಾಯುತ್ತಿದ್ದ ಓಣಿಗೆ ಬೇರೆ ಕೆಲಸವಾದರೂ ಏನಿತ್ತು?

"ಅಷ್ಟ ಏನ್ರಿ? ಒಂದ್ ಸೂಜಿ ಕೊಡ್ರಿ ಇಲ್ಲೆ. ನೀವು ಚಾ ಕುಡಿಯೋದ್ರಾಗ ಕೆತ್ತಿ ಒಗೀತೀನಿ."

ಅಷ್ಟರಲ್ಲಿ ಸಾಹೇಬರು ಒಳಗಿನ ಕೋಣೆಯಿಂದ ಬಂದರು. ಸಾಹೇಬರು ಸಿಟ್ಟಿನ ಮನುಷ್ಯರಲ್ಲ, ನಿಯಮದ ಮನುಷ್ಯರು.

"ಸಾಬ್ರ, ಈ ಕಚೇರಿ ಯಂತ್ರ ಬಿಚ್ಚಬೇಕಂದ್ರ ಕಸುಬುದಾರರ ಕಾರ್ಡ್ ಇರಬೇಕು. ಐತೇನು ನಿಮ್ಮ ಹತ್ರ?"

"ಅದನ್ನ ತಗೊಂಡು ಹೋಗಾಕ ಬಂದೀನ್ರಿ."

"ಅದು ಲ್ಯಾಪ್‌ಟಾಪಿನಾಗ ಐತಲ್ಲ."

"ಅದನ್ನ ಚಾಲೂ ಮಾಡಾಕ ಸೂಜಿ ಕೇಳೀನಲ್ರಿ."

"ಕಾರ್ಡ್ ತೋರಸ್ರಿ, ಸೂಜಿ ನಾನೇ ಕೊಡ್ತೀನಿ."

"ಹಂಗಾದ್ರ ನೀವೇ ಕೆತ್ರಿ ಸಾಹೇಬ್ರ."

"ನಾನು ಅಧಿಕಾರಿ, ಕಸುಬುದಾರ ಅಲ್ಲ. ಅದೂ ಅಲ್ದ, ಗಂಧ ಒಳಗ ಹೆಂಗ ಹೋತು ಅಂತ ಮ್ಯಾಲಿನವರು ಕೇಳ್ತಾರ. ನನ್ನ ಬೆರಳಿನ ಮ್ಯಾಲೆ ವಿಚಾರಣಿ ಬರ್ತೈತಿ."

ಮಾತು ಸರಿಯಾಗಿಯೇ ಇತ್ತು. ಆದಕಾರಣ ಬೆರಳೊಂದನ್ನು ಹೊರತುಪಡಿಸಿ ಉಳಿದೆಲ್ಲ ಕಾರಣಗಳನ್ನು ಪರಿಶೀಲಿಸತಕ್ಕದ್ದೆಂದು ತೀರ್ಮಾನವಾಯಿತು. ಹೊಸ ಚಾರ್ಜರು ಬಂತು. ಪಿನ್ನು ಒಳಗೆ ಹೋಗಲಿಲ್ಲ. ಸ್ವಿಚ್ಚು ಬದಲಾಯಿತು, ವೈರಿಂಗ್ ಬದಲಾಯಿತು. ಕೊನೆಗೆ ದೋಷ ಇರುವುದು ಗೋಡೆಯಲ್ಲೇ ಎಂದು ಕಂಡುಬಂದದ್ದರಿಂದ ಗೋಡೆಯನ್ನು ಕೆಡವಿ ಹೊಸದು ಕಟ್ಟಲಾಯಿತು. ಗುತ್ತಿಗೆ ಸಾಹೇಬರ ಷಡ್ಡಕನಿಗೆ ಸಿಕ್ಕಿತು. ಟೆಂಡರ್ ಹಾಕಿದವನು ಅವನೊಬ್ಬನೇ, ಯಾಕೆಂದರೆ ಟೆಂಡರ್ ಕರೆದದ್ದು ಅವನೊಬ್ಬನಿಗೇ ಗೊತ್ತಿತ್ತು. ಪ್ಲಗ್ಗಿನ ಲೆಕ್ಕದಲ್ಲಿ ಬಿಲ್ಲು ಆಗುವುದೆಂದು ಅವನು ಆ ಗೋಡೆಗೆ ನೆಲದಿಂದ ಸೂರಿನವರೆಗೆ, ಒಳಗೂ ಹೊರಗೂ, ಪ್ಲಗ್ಗುಗಳನ್ನು ಕೂರಿಸಿದ. ಗೋಡೆ ನೋಡಲು ಬಲು ಚೆಂದ ಆಯಿತು. ಲ್ಯಾಪ್‌ಟಾಪು ಚಾರ್ಜ್ ಆಗಲಿಲ್ಲ.

ಇತ್ತ ಅರ್ಜಿದಾರರು ಹೆಚ್ಚಿದ್ದರಿಂದ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಲಾಯಿತು: "ಲ್ಯಾಪ್‌ಟಾಪು ಚಾರ್ಜ್ ಆದ ಕೂಡಲೇ ಸರದಿ ಪ್ರಕಾರ ಅರ್ಜಿದಾರರ ಮೊಬೈಲಿಗೆ ಸಂದೇಶ ಕಳಿಸಲಾಗುವುದು. ಆ ವೇಳೆ ಅರ್ಜಿದಾರರು ಕಚೇರಿಯ ಆವರಣದಲ್ಲೇ ಇರತಕ್ಕದ್ದು. ಮೊಬೈಲು ಬಂದ್ ಆಗಿದ್ದವರ ಸರದಿಯನ್ನು ಕೊನೆಗೆ ಹಾಕಲಾಗುವುದು."

ಇಟ್ಟಿಗಿಯ ಕಂಬಳಿ ನೇಕಾರ ದೊಡ್ಡಬೀರಪ್ಪ, ಹಲವಾಗಲಿನ ಬುಟ್ಟಿ ಹೆಣೆಯುವವರು, ಹೊಸಹಳ್ಳಿಯ ಬಡಿಗೇರರು ಎಲ್ಲ ಬುತ್ತಿ ಕಟ್ಟಿಕೊಂಡು ಬಂದು ಕಚೇರಿಯ ಪಡಸಾಲೆ ಹಿಡಿದು ಕೂತರು. ಹೈದರಸಾಬನೂ ದಿನಾ ಬಂದು ಕೂತ. ಅವನು ಹಾಗೆ ಕೂತಿರುವಾಗಲೇ ಕೂಡ್ಲಿಗಿಯಲ್ಲಿ ಮಳಿಗೆಗಳೆಲ್ಲ ಮೊದಲೇ ಕಾರ್ಡು ಮಾಡಿಸಿಕೊಂಡಿದ್ದವರಿಗೆ ಹಂಚಿಹೋದವು. ಮರುವಾರ ಜೆಸಿಬಿ ಬಂದು ಅವನ ಡಬ್ಬಾ ಅಂಗಡಿಯನ್ನು ಎತ್ತಿ ಬದಿಗೆ ಒಗೆಯಿತು.

ಟೇಬಲ್ಲು, ಸ್ಟೂಲು, ಹತಾರದ ಪೆಟ್ಟಿಗೆಗಳನ್ನು ರಸ್ತೆಯ ಮೇಲೆ ಇಟ್ಟುಕೊಂಡು ನಿಂತಾಗ ಹೈದರಸಾಬನಿಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷ ಊರಿನ ಫ್ಯಾನುಗಳನ್ನೆಲ್ಲ ತಿರುಗಿಸಿದವನಿಗೆ ಈಗ ತಿರುಗಿ ಹೋಗಲು ಒಂದು ಜಾಗವಿಲ್ಲ.

"ಸಾಮಾನೆಲ್ಲ ಆ ಕಚೇರಿಗೇ ಒಯ್ರಿ," ಎಂದಳು ಹಾಜಿರಾ ಬೀ. "ಹೆಂಗೂ ದಿನಾ ಅಲ್ಲೇ ಕುಂದರ್ತೀರಿ. ಟೇಬಲ್ಲೂ ಕುಂದರಲಿ."

ಒಯ್ದ. ಮೊದಲನೇ ದಿನವೇ ದೊಡ್ಡಬೀರಪ್ಪ ಮೊಬೈಲು ಹಿಡಿದು ಬಂದ. "ಸಾಬಣ್ಣ, ಇದು ಸಾಯಾಕತ್ತೇತಿ. ಸಂದೇಶ ಬರೋ ಹೊತ್ತಿಗೆ ಬಂದ್ ಆದ್ರ ನನ್ನ ಸರದಿ ಹೋತಲ್ಲಪ್ಪ."

ಹೈದರಸಾಬ ಹೊಸ ಗೋಡೆಯನ್ನೊಮ್ಮೆ ನೋಡಿದ. ಅಲ್ಲಾ, ಇಷ್ಟು ದಿನ ಅದಕ್ಕೇ ಒರಗಿ ಕೂತಿದ್ದನಲ್ಲ ಮಹಾರಾಯ. ಪೆಟ್ಟಿಗೆಯಿಂದ ಒಂದು ವೈರು ತೆಗೆದು ಹತ್ತಿರದ ಪ್ಲಗ್ಗಿಗೆ ಸಿಕ್ಕಿಸಿದ.

ಸಂಕ್ರಾಂತಿ ಹೊತ್ತಿಗೆ ಅಲ್ಲಿ 'ಹೈದರ್ ಚಾರ್ಜಿಂಗ್ ಸೆಂಟರ್' ಎಂಬ ಬೋರ್ಡು ಬಂದಿತ್ತು. ಚಾರ್ಜಿಗೆ ಬಂದ ಮೊಬೈಲುಗಳ ಹಿಂದೆ ಕೆಟ್ಟ ಮೊಬೈಲುಗಳು ಬಂದವು, ಅವುಗಳ ಹಿಂದೆ ಮಿಕ್ಸಿಗಳು ಬಂದವು. ಪಕ್ಕೀರಮ್ಮ ಎರಡನೇ ಒಲೆ ಹೂಡಿದಳು. ಚಳಿಗೆ ನಡುಗುತ್ತ ಕಾಯುವವರಿಗೆ ದೊಡ್ಡಬೀರಪ್ಪ ಕಂಬಳಿ ಮಾರತೊಡಗಿದ. ಇಟ್ಟಿಗಿಯಲ್ಲಿ ವರ್ಷಕ್ಕೆ ಹೋಗದಷ್ಟು ಕಂಬಳಿ ಪಡಸಾಲೆಯಲ್ಲಿ ಹೋದವು. ಸಾಹೇಬರು ವಿದ್ಯುತ್ತಿನ ದುರ್ಬಳಕೆಯ ಬಗ್ಗೆ ಒಂದು ದಿನ ಗಂಭೀರ ವಿಚಾರಣೆ ನಡೆಸಿದರು. ತಿಂಗಳಿಗೊಮ್ಮೆ ಬಂದು ಕಾಣುತ್ತೇನೆಂದು ಹೈದರಸಾಬ ವಿನಂತಿಸಿಕೊಂಡ ಮೇಲೆ ವಿಚಾರಣೆ ಸಮಾಪ್ತಿಗೊಂಡಿತು. ಸಂಜೆ ಬಸ್ಸಿಳಿದು ಮನೆಗೆ ಹೋಗುವಾಗ ಅವನು ಈಗ ಶೀಟಿ ಹಾಕುತ್ತಿದ್ದ.

ಹೀಗೆ ಎಲ್ಲವೂ ಸುಗಮವಾಗಿ ನಡೆದಿರಲಾಗಿ ಮೇಲಿನಿಂದ ಒಂದು ಆದೇಶ ಬಂತು. "ಕಾರ್ಡಿಲ್ಲದೆ ದುರಸ್ತಿಯಿಲ್ಲ, ದುರಸ್ತಿಯಿಲ್ಲದೆ ಕಾರ್ಡಿಲ್ಲ ಎಂಬ ಅಂಶವು ಗಮನಕ್ಕೆ ಬಂದಿರುತ್ತದೆ. ಆದಕಾರಣ ಯಾರಾದರೊಬ್ಬ ಅರ್ಜಿದಾರನಿಗೆ ಕೈಬರಹದಲ್ಲಿ ಕಾರ್ಡು ನೀಡಿ, ಸದರಿಯವನಿಂದ ಲ್ಯಾಪ್‌ಟಾಪನ್ನು ಕೂಡಲೇ ಪರೀಕ್ಷೆ ಮಾಡಿಸತಕ್ಕದ್ದು."

ಇಷ್ಟು ದಿನ ಕೆಲಸವಿಲ್ಲದೆ ಹಾಯಾಗಿದ್ದ ಗೀತಮ್ಮನ ಮುಖ ಇದನ್ನು ಓದಿ ಬಾಡಿತು. ಆದರೂ ಆದೇಶ ಆದೇಶವೇ. ಬಾಲ್‌ಪೆನ್ನಿನಲ್ಲಿ ಹೈದರಸಾಬನ ಕಾರ್ಡು ಬರೆದಳು, ಸಾಹೇಬರು ಮೊಹರು ಒತ್ತಿದರು. ಲ್ಯಾಪ್‌ಟಾಪು ಮೇಜಿನ ಮೇಲೆ ಬಂತು. ಸ್ಟೀಲಿನ ತಟ್ಟೆಯಲ್ಲಿ ಸೂಜಿ ಬಂತು. ಕಿಟಕಿಯ ತುಂಬ ಜನ.

ಹೈದರಸಾಬ ಚಸಮ ಹಾಕಿಕೊಂಡು ಸೂಜಿಯ ಮೊನೆಯನ್ನು ತೂತಿಗೆ ತಾಗಿಸಿದ. ಗಂಧ ಅಲ್ಲಾಡಿತು. ಇನ್ನೊಂದು ಸಲ ಮೀಟಿದರೆ ಹೊರಗೆ ಬೀಳುವುದೇ.

ಅವನ ಕೈ ಅಲ್ಲೇ ನಿಂತಿತು. ಇದು ಚಾರ್ಜ್ ಆದರೆ ಇವರೆಲ್ಲ ಕಾರ್ಡು ತೆಗೆದುಕೊಂಡು ನಾಳೆ ಅವರವರ ಊರಿಗೆ ಹೋಗುತ್ತಾರೆ, ಮೊಬೈಲುಗಳೂ ಅವರ ಜೊತೆಗೆ. ಅವನು ಎಲ್ಲಿಗೆ ಹೋಗಬೇಕು? ಕೂಡ್ಲಿಗಿಯಲ್ಲಿ ಡಬ್ಬಾ ಇಲ್ಲ, ಮಳಿಗೆಯೂ ಇಲ್ಲ. ತಲೆ ಎತ್ತಿದರೆ, ಊಟದ ಡಬ್ಬಿ ತಂದಿದ್ದ ಹಾಜಿರಾ ಬೀ ಕಿಟಕಿಯಲ್ಲಿ ನಿಂತು ಬೇಡವೆಂದು ತಲೆಯಾಡಿಸುತ್ತಿದ್ದಳು. ಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಸೂಜಿಯಿಂದ ಹೋಗುವ ದೋಷಕ್ಕೆ ಗೋಡೆ ಯಾಕೆ ಬಿತ್ತು ಎಂಬ ಪ್ರಶ್ನೆ ಏಳುವ ಸಂಭವ ಅವರಿಗೂ ಹೊಳೆದಿತ್ತು.

ಹೈದರಸಾಬ ಸೂಜಿಯನ್ನು ತಟ್ಟೆಯಲ್ಲಿಟ್ಟ.

"ಸಾಹೇಬ್ರ, ಇದು ತೂತಿನ ದೋಷ ಅಲ್ರಿ."

"ಮತ್ತ?"

"ಕಾರ್ಡ್ ಇದ್ದ ಕಸುಬುದಾರ ಆಗಿ ಹೇಳಾಕತ್ತೀನಿ. ಛತ್ತಿನ ದೋಷ ಇರಬೇಕು."

ಎಲ್ಲರೂ ತಲೆ ಎತ್ತಿ ಛತ್ತನ್ನು ನೋಡಿದರು. ಛತ್ತು ಗಟ್ಟಿಯಾಗಿಯೇ ಇತ್ತು.

"ಹೌದು ನೋಡ್ರಿ," ಎಂದ ದೊಡ್ಡಬೀರಪ್ಪ ಕಿಟಕಿಯಿಂದ. "ನನಗೂ ಮೊದ್ಲಿಂದ ಅದರ ಮ್ಯಾಲೇ ಅನುಮಾನ ಇತ್ತು. ಗಡಿಬಿಡಿ ಮಾಡಬ್ಯಾಡ್ರಿ ಸಾಹೇಬ್ರ. ನಾವಂತೂ ಕಾಯ್ತೀವಿ."

ಕಸುಬುದಾರನ ವರದಿಯನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು. ಷಡ್ಡಕನಿಗೆ ಸುದ್ದಿ ಮುಟ್ಟಿಸಲು ಸಾಹೇಬರು ಕಿಸೆಯಿಂದ ಮೊಬೈಲು ತೆಗೆದರು. ಬಂದ್ ಆಗಿತ್ತು. ಅದನ್ನು ಹಿಡಿದುಕೊಂಡು ಪಡಸಾಲೆಗೆ ಬಂದು ಹೈದರಸಾಬನ ಟೇಬಲ್ಲಿನ ಮುಂದೆ ನಿಂತರು.

"ಸರದಿ ಐತ್ರಿ ಸಾಹೇಬ್ರ," ಎಂದ ಹೈದರಸಾಬ, ವಿನಯದಿಂದ.

ಸಾಹೇಬರು ಹೋಗಿ ಹಲವಾಗಲಿನ ಬುಟ್ಟಿಯವರ ಹಿಂದೆ ನಿಂತರು.