ಎಜಿದಿಯೊನ ಬಿಳಿ ಅಂಗಿ

ಎಜಿದಿಯೊ ಇಪ್ಪತ್ತು ವರ್ಷದಿಂದ ಫ್ಲಾರೆನ್ಸಿನ ಒಪೆರಾ ಮಂದಿರವೊಂದರಲ್ಲಿ, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ನುಡಿಸುತ್ತ ಕೊನೆಯ ಕುರ್ಚಿಯಲ್ಲೇ ಕೂತಿದ್ದ. ಮೊದಲ ಕುರ್ಚಿಯವರು ನಿವೃತ್ತರಾದ್ದರಿಂದ ಈ ಭಾನುವಾರದ ಒಂಟಿವಾದನ ಅವನ ಪಾಲಿಗೆ ಬಂತು. ಚೆನ್ನಾಗಿ ನುಡಿಸಿದರೆ ಆ ಕುರ್ಚಿ ಕಾಯಂ ಎಂದಿದ್ದರು ನಿರ್ದೇಶಕರು.

ಭಾನುವಾರ ಬೆಳಿಗ್ಗೆ ನೋಡಿದರೆ, ಇದ್ದೊಂದು ಬಿಳಿ ಅಂಗಿ ನೇರಳೆಯಾಗಿತ್ತು. ಅತ್ತೆ ಎರ್ಸಿಲಿಯಾ ಊರಿನ ಫುಟ್‌ಬಾಲ್ ತಂಡದ ತನ್ನ ನೇರಳೆ ಶಾಲಿನ ಜೊತೆಗೇ ಅದನ್ನು ಒಗೆದಿದ್ದಳು.

"ಎಷ್ಟ್ ಚೆಂದ ಬಂದಿದೆ ನೋಡಿ ಅಳಿಯಂದ್ರೇ! ನಮ್ಮ ತಂಡದ ಬಣ್ಣ!"

ಎಜಿದಿಯೊ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದ. ನೇರಳೆಯೆಂದರೆ ರಂಗದವರಿಗೆ ಆಗದು. ಹಿಂದೆ ಉಪವಾಸದ ನಲವತ್ತು ದಿನ ಪಾದ್ರಿಗಳು ಆ ಬಣ್ಣ ತೊಟ್ಟರೆ ನಾಟಕ ಬಂದ್, ನಟರ ಹೊಟ್ಟೆಗೆ ತಣ್ಣೀರು ಬಟ್ಟೆ. ಆದರೆ ಈ ಓಣಿಯಲ್ಲಿ ನೇರಳೆಯನ್ನು ಅಪಶಕುನ ಎಂದವನ ಹಲ್ಲು ಉಳಿಯುವುದುಂಟೇ?

"ಬಿಳೀದೇ ಬೇಕಂತೆ ಅತ್ತೆ, ಮೇಲಿನವರ ಅಪ್ಪಣೆ," ಎಂದ.

ಅಷ್ಟು ಸಾಕಾಯಿತು, ಓಣಿಗೆ ಓಣಿಯೇ ನೆರೆಯಿತು. ಕೆಳಮನೆಯ ಒರ್ನೆಲ್ಲಾ ವಿನೆಗರ್ ಸುರಿದು ನಿಂಬೆಹಣ್ಣು ತಿಕ್ಕಿದಳು. ಅಂಗಿ ಉಪ್ಪಿನಕಾಯಿಯಂತೆ ನಾರಿತೇ ಹೊರತು ಬಣ್ಣ ಬಿಡಲಿಲ್ಲ. ಕಡೆಗೆ ಕಟುಕ ನೆಲ್ಲೊ ತನ್ನ ಮದುವೆಯ ಅಂಗಿ ತಂದ. ಅದರಲ್ಲಿ ಎಜಿದಿಯೊನಂಥವರು ಇಬ್ಬರು ಹಿಡಿಯುತ್ತಿದ್ದರು.

"ಸ್ವಲ್ಪ ಹೊಟ್ಟೆ ಮುಂದೆ ಮಾಡೋ ಮಾರಾಯ!" ಎಂದ ನೆಲ್ಲೊ.

ಅತ್ತೆ ಬೆನ್ನಿನ ಕಡೆ ಹನ್ನೊಂದು ಪಿನ್ನು ಚುಚ್ಚಿದಳು. ಒಂದೆರಡು ಅಳಿಯನಿಗೂ ತಗುಲಿದವು. ಎಜಿದಿಯೊನಿಗೆ ಕಣ್ಣು ತುಂಬಿ ಬಂತು, ನೋವಿಗಲ್ಲ, ಇವರ ಅಕ್ಕರೆಗೆ. ತನಗೆ ಸಿಕ್ಕಿದ್ದ ಉಚಿತ ಟಿಕೆಟುಗಳನ್ನೆಲ್ಲ ಅವರಿಗೇ ಹಂಚಿಬಿಟ್ಟ.

ಸಂಜೆ ಅವನು ನುಡಿಸುವಾಗ ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಪಿನ್ನು ಚುಚ್ಚಿದಾಗೆಲ್ಲ ಸ್ವರ ಇನ್ನಷ್ಟು ಕರುಣೆಯಿಂದ ಹೊಮ್ಮುತ್ತಿತ್ತು. ಮೊದಲ ಅಂಕ ಮುಗಿದಾಗ ನಿರ್ದೇಶಕರು ಅವನನ್ನು ವೇದಿಕೆಗೆ ಕರೆಸಿ ಗಾಯಕಿಯ ಪಕ್ಕ ನಿಲ್ಲಿಸಿದರು. "ಕುರ್ಚಿ ನಿಮ್ದೇ ಕಣ್ರೀ," ಎಂದು ಕಿವಿಯಲ್ಲಿ ಹೇಳಿದರು.

ಅಷ್ಟರಲ್ಲಿ ಬಾಲ್ಕನಿಯಿಂದ "ನಮ್ಮ ಎಜಿದಿಯೊಗೆ ಜೈ!" ಎಂಬ ಕೂಗಿನ ಹಿಂದೆಯೇ ಹೂಗುಚ್ಛವೊಂದು ಹಾರಿಬಂದು ಗಾಯಕಿಯ ಪಾದದ ಮೇಲೆ ಬಿತ್ತು. ಆ ಊರಿನಲ್ಲಿ ಅವನ ವಾದ್ಯಕ್ಕೂ ಈ ಹೂವಿಗೂ ವಿಯೋಲಾ ಎಂಬ ಒಂದೇ ಹೆಸರು. ಅಳಿಯನಿಗೆ ತಕ್ಕ ಹೂವೆಂದು ಅತ್ತೆ ಅಂಗಡಿ ಅಂಗಡಿ ಸುತ್ತಿ ತಂದದ್ದು. ಕಡು ನೇರಳೆ ಬಣ್ಣ.

ಗಾಯಕಿ ಕಿಟಾರನೆ ಕಿರುಚಿ ಒಳಗೋಡಿ ಬಾಗಿಲು ಹಾಕಿಕೊಂಡಳು.

"ಯಾರ್ರೀ ಅವ್ರು? ಯಾರ ಕಡೆಯವ್ರು?" ಎಂದು ನಿರ್ದೇಶಕರು ಹಲ್ಲು ಕಡಿದರು.

ಎಜಿದಿಯೊ ತಲೆಯೆತ್ತಿ ನೋಡಿದ. ನೆಲ್ಲೊ ಸಿಳ್ಳೆ ಹೊಡೆಯುತ್ತಿದ್ದ. ಅತ್ತೆ ಸಂತೋಷಕ್ಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವನು ಬಗ್ಗಿ ಹೂಗಳನ್ನು ಎತ್ತಿಕೊಂಡ.

"ನಮ್ಮನೆಯವ್ರೇ ಸ್ವಾಮಿ," ಎಂದ.

ನಿರ್ದೇಶಕರು ಗಾಯಕಿಯನ್ನು ಒಲಿಸಿ ಎರಡನೆಯ ಅಂಕ ಶುರುಮಾಡುವಾಗ ಎಜಿದಿಯೊ ಅವರ ಅಪ್ಪಣೆಯಂತೆ ಎಂದಿನ ಕೊನೆಯ ಕುರ್ಚಿಯಲ್ಲಿ ಕೂತು, ಹೂಗಳು ಯಾರಿಗೂ ಕಾಣದಂತೆ ಕಾಲಿನ ಹಿಂದೆ ಸರಿಸಿಕೊಳ್ಳುತ್ತಿದ್ದ.