ಕಲಾಲಯಕ್ಕೊಂದು ದೀರ್ಘ

ಸುಳ್ಳನ್ನು ಕಾಗದದ ಮೇಲೆ ಬರೆದರೆ ಹರಿದು ಹಾಕಬಹುದು. ಕಲ್ಲಿನಲ್ಲಿ ಕೆತ್ತಿಸಿದರೆ ಏನು ಮಾಡುವುದು? ವಿಶ್ವವಿದ್ಯಾಲಯದ ಇತಿಹಾಸದ ಮೇಷ್ಟ್ರಿಗೆ ಆ ಬೆಳಿಗ್ಗೆ ಮೈಯೆಲ್ಲ ಉರಿದದ್ದು ಇದಕ್ಕೇ. ನಾಟಕ ಮತ್ತು ಚಿತ್ರಕಲೆ ವಿಭಾಗಗಳಿದ್ದ ಹಳೆಯ ಕಟ್ಟಡದ ಮುಂದೆ ಕಲ್ಲುಕುಟಿಗನು ಸಂಜೆಯ ಸಮಾರಂಭಕ್ಕಾಗಿ ‘ಹುಟ್ಟಿನಿಂದಲೂ ಇದು ಕಲಾಲಯ’ ಎಂದು ಫಲಕ ಕೆತ್ತುತ್ತಿದ್ದ. ಉಳಿ ಆಗಲೇ ‘ಕಲಾ’ ದಾಟಿತ್ತು.

ಹುಟ್ಟಿನಿಂದ ಅದು ಕುದುರೆ ಲಾಯ! ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಇನ್ನೂ ಗೋಡೆಯಲ್ಲಿದ್ದವು. ನಾಟಕದವರು ಅವುಗಳಿಗೆ ರಾಜನ ಅಂಗಿ ನೇತುಹಾಕುತ್ತಿದ್ದರು. ಕುದುರೆಗಳು ನೀರು ಕುಡಿದ ಕಲ್ಲುತೊಟ್ಟಿಯಲ್ಲಿ ಚಿತ್ರಕಲೆಯವರು ಕುಂಚ ತೊಳೆಯುತ್ತಿದ್ದರು.

“ಲಯ ಅಲ್ಲ ಕಣಯ್ಯ, ಲಾಯ! ಲಾ...ಯ!” ಮೇಷ್ಟ್ರು ಗುಡುಗಿದರು.

“ಹೌದಾ ಸಾರ್?”

“ಹೌದಾ ಅಂತ ಕೇಳ್ತೀಯಲ್ಲ! ದೀರ್ಘ ಬಿಟ್ರೆ ಚರಿತ್ರೆಯೇ ಸುಳ್ಳಾಗತ್ತೆ!”

ಹುಡುಗರ ಉತ್ತರಪತ್ರಿಕೆಯಲ್ಲಿ ಒಂದು ದೀರ್ಘ ತಪ್ಪಿದರೂ ಒಂದು ಅಂಕ ಕತ್ತರಿಸುವವರು ಅವರು. ಕಲ್ಲಿಗೆ ವಿನಾಯಿತಿ ಉಂಟೇ?

ಮೊಗಸಾಲೆಯಲ್ಲಿ ನಾಟಕದ ಮೇಡಂ ಅಡ್ಡ ನಿಂತರು. “ಲಾಯ ಅಂತ ಹಾಕಿ ನೋಡಿ! ನಮ್ಮ ನಾಯಕ ನಟ ವೇದಿಕೆಗೆ ಬಂದ್ರೆ ಜನ ಚಪ್ಪಾಳೆ ತಟ್ಟಲ್ಲ, ಹುಲ್ಲು ಹಾಕ್ತಾರೆ!”

“ನಮ್ಮ ಪಾಡೂ ಕೇಳಿ,” ಎಂದರು ಚಿತ್ರಕಲೆಯ ಮೇಷ್ಟ್ರು. “ನಮ್ಮ ಹುಡುಗರು ಬರೆಯೋ ಕುದುರೆ ನೋಡಿದವರು ಇದು ಕತ್ತೆ ಲಾಯ ಅಂದಾರು.”

ಸತ್ಯ ಹೇಳಲು ಹೊರಟವನಿಗೆ ಸಹೋದ್ಯೋಗಿಗಳೇ ಕಲ್ಲುಮುಳ್ಳು! ಇತಿಹಾಸದ ಮೇಷ್ಟ್ರು ನೇರವಾಗಿ ಕುಲಪತಿಗಳ ಕೋಣೆಗೆ ನುಗ್ಗಿದರು. ಮೇಷ್ಟ್ರ ಮುಖವೋ ಒಲೆಯ ಮೇಲೆ ಮರೆತ ಬಾಣಲೆಯಂತೆ ಕೆಂಪೇರಿತ್ತು.

“ಚರಿತ್ರೆ ಪಾಠದಲ್ಲಿರಲಿ ಮೇಷ್ಟ್ರೇ, ಗೋಡೆ ಮೇಲೆ ಬೇಡ,” ಎಂದರು ಕುಲಪತಿಗಳು ನಗುತ್ತ. “ನಿಮಗೂ ಮರ್ಯಾದೆ ಮಾಡಿದ್ದೀವಲ್ಲ! ಫಲಕದ ಕೆಳಗೆ ‘ಬರಹ ತಿದ್ದಿದವರು: ಇತಿಹಾಸ ವಿಭಾಗದ ಮುಖ್ಯಸ್ಥರು’ ಅಂತ ಮೊದಲೇ ಕೆತ್ತಿಸಿಬಿಟ್ಟಿದ್ದೀನಿ.”

“ಅಷ್ಟು ದೊಡ್ಡ ಸುಳ್ಳಿನ ಕೆಳಗೆ ನಾನಾ? ತೆಗೆಸಿ ಸಾರ್!”

“ಕಲ್ಲು ಕಣ್ರೀ ಅದು, ಹಲಗೆಯಲ್ಲ ಒರೆಸೋಕೆ.”

ಸಂಜೆಯವರೆಗೂ ಮೇಷ್ಟ್ರು ಹಲ್ಲು ಕಡಿಯುತ್ತ ಕುಳಿತರು. ಜೀವನವಿಡೀ ಕಾಪಾಡಿಕೊಂಡ ಮಾನ ಒಂದು ಫಲಕದ ಬುಡದಲ್ಲಿ ಹೂತುಹೋಗುವುದಿತ್ತು. ಗಣ್ಯರು ಬಂದರು, ಪರದೆ ಸರಿಯಿತು.

‘ಹುಟ್ಟಿನಿಂದಲೂ ಇದು ಕಲಾಲಾಯ.’

ಸಭೆ ಗೊಳ್ಳೆಂದಿತು.

“ಏನಯ್ಯಾ ಇದು ಕಾಗುಣಿತ?” ಕುಲಪತಿಗಳು ಕೂಗಿದರು.

“ಮೇಷ್ಟ್ರೇ ಬೆಳಿಗ್ಗೆ ನಿಂತು ತಿದ್ದಿಸಿದ್ರು ಸ್ವಾಮಿ,” ಎಂದ ಕಲ್ಲುಕುಟಿಗ. “ದೀರ್ಘ ಬಿಡಬೇಡ ಅಂದ್ರು, ಕೊಟ್ಟೆ.”

ಮೇಷ್ಟ್ರ ಎದೆಯುಬ್ಬಿತು. ಸತ್ಯ ಕಲ್ಲೇರಿತ್ತು! “ಅದು ತಪ್ಪಲ್ಲ!” ಎಂದು ಎದ್ದು ನಿಂತರು. “ಅದೇ ಸರಿ! ಲಾಯವೇ ನಿಜ!”

“ತಪ್ಪೂ ಮಾಡಿ, ಮೇಲೆ ವಾದ ಬೇರೆ!” ನಾಟಕದ ಮೇಡಂ ಹಣೆ ಚಚ್ಚಿಕೊಂಡರು. ನಗು ಇಮ್ಮಡಿಯಾಯಿತು. ಮೇಷ್ಟ್ರು ಬಾಯಿಬಿಟ್ಟಷ್ಟೂ ಜನ ಬಿದ್ದು ಬಿದ್ದು ನಕ್ಕರು.

ಆಗ ಹಿಂದಿನ ಸಾಲಿನಿಂದ ವಿದ್ಯಾರ್ಥಿಯೊಬ್ಬನ ಅತಿ ವಿನಯದ ದನಿ ಕೇಳಿಸಿತು:

“ಸಾರ್, ಒಂದು ದೀರ್ಘಕ್ಕೆ ಒಂದು ಅಂಕ ಅಲ್ವಾ?”