ಷಡ್ಡಕನ ಎದುರು ಕತ್ತಿ ಹಿಡಿದದ್ದು

ಹೊಟ್ಟೆಕಿಚ್ಚು ನನ್ನ ಸ್ವಭಾವದಲ್ಲೇ ಇಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಹೊಸ ಕಾರು ಕೊಂಡರು; ನಾನು ಪೇಢೆ ತಿಂದು ಅಭಿನಂದಿಸಿ ಬಂದೆ. ಕಾರ್ಖಾನೆಯಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವರು ನನ್ನ ತಲೆಯ ಮೇಲೆ ಬಂದು ಕುಳಿತರು. ಅವರಿಗೂ ಹಾರ ಹಾಕಿದೆ. ಜಗತ್ತಿನಲ್ಲಿ ಒಬ್ಬನೇ ಒಬ್ಬನನ್ನು ಕಂಡರೆ ಮಾತ್ರ ನನಗೆ ಹೊಟ್ಟೆ ಉರಿಯುತ್ತದೆ. ಅವನು ನನ್ನ ಷಡ್ಡಕ, ನನ್ನ ಹೆಂಡತಿಯ ತಂಗಿಯ ಗಂಡ, ಪ್ರಶಾಂತ.

ಪ್ರಶಾಂತ ಮೈಸೂರಿನವನು, ಇಲ್ಲಿ ಪುಣೆಯ ಹಿಂಜವಡಿಯ ಐಟಿ ಕಂಪನಿಯೊಂದರಲ್ಲಿದ್ದಾನೆ. ನಾನು ಧಾರವಾಡದವನು, ನಿಗಡಿಯಲ್ಲಿ ಮನೆ, ಭೋಸರಿಯ ಕಾರ್ಖಾನೆಯೊಂದರಲ್ಲಿ ಮಾಲಿನ ತಪಾಸಣೆಯ ಕೆಲಸ. ಬೇರೆಯವರ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಆದರೆ ಈ ಮನುಷ್ಯನಲ್ಲಿ ಒಂದಾದರೂ ತಪ್ಪು ಸಿಗಬೇಕಲ್ಲ! ಎತ್ತರವಿದ್ದಾನೆ, ತಲೆ ತುಂಬ ಕೂದಲಿದೆ, ಚಹಾ ತಾನೇ ಮಾಡಿಕೊಂಡು ಕುಡಿಯುತ್ತಾನೆ, ಕುಡಿದ ಕಪ್ಪನ್ನೂ ತೊಳೆದಿಡುತ್ತಾನೆ. ಇಂಥವರಿಂದಲೇ ಉಳಿದ ಗಂಡಸರ ಸಂಸಾರ ಹಾಳಾಗುವುದು.

ನಮ್ಮ ಅತ್ತೆಯವರು ಪುಣೆಗೆ ಬಂದಿದ್ದಾಗ ನಾನು ಲೋಣಾವಳಾದಿಂದ ಶೇಂಗಾ ಚಿಕ್ಕಿ ತಂದೆ. ಅತ್ತೆ ಒಂದು ತುಂಡು ಬಾಯಿಗಿಟ್ಟು ಹೊರಗೆ ತೆಗೆದು, “ಭಾಳ ಗಟ್ಟಿ ಅದಾವ್ರಿ, ನನ್ನ ಹಲ್ಲಿಗೆ ಆಗೂದಿಲ್ಲ” ಎಂದರು. ಮರುವಾರ ಪ್ರಶಾಂತ ಅದೇ ಅಂಗಡಿಯ ಅದೇ ಚಿಕ್ಕಿ ತಂದ. “ಬಾಯಾಗ ಇಟ್ಟರ ಕರಗತಾವ ನೋಡ” ಎಂದು ಅತ್ತೆ ಮಗಳಿಗೆ ಹೇಳಿದರು. ಚಿಕ್ಕಿ ಕರಗುವುದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಆದರೆ ನನ್ನ ಹೆಂಡತಿ ಸುಮಂಗಲಾ ಕೂಡ ತಲೆಯಾಡಿಸಿ, “ಹೌದವ್ವಾ, ಪ್ರಶಾಂತಗ ಆರಿಸಲಿಕ್ಕೆ ಛಲೋ ಬರತದ” ಎಂದಳು. ಅತ್ತೆಯ ಮಾತನ್ನು ನುಂಗಬಹುದು. ಇದು ಗಂಟಲಲ್ಲೇ ನಿಂತಿತು. ನನಗೂ ಪ್ರಶಾಂತನಿಗೂ ನಡುವೆ ಏನಾದರೂ ಬಂದಾಗ, ಜೀವನದಲ್ಲಿ ಒಂದೇ ಒಂದು ಸಲ ಸುಮಂಗಲಾ ನನ್ನ ಕಡೆ ಬೆರಳು ತೋರಿಸಿ “ಇವರದು ಸರಿ” ಅನ್ನಬೇಕು. ನನ್ನ ಆಸೆ ಇಷ್ಟೇ. ಬಂಗಲೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ.

ಅವಕಾಶ ಬಂದದ್ದು ಫೆನ್ಸಿಂಗ್ ಮೂಲಕ. ನಮ್ಮ ಮಗಳೂ ಪ್ರಶಾಂತನ ಮಗನೂ ಒಂದೇ ಕ್ಲಬ್ಬಿನಲ್ಲಿ ಈ ಕತ್ತಿವರಸೆ ಕಲಿಯುತ್ತಾರೆ. ಮಕ್ಕಳ ಕ್ಲಾಸು ಮುಗಿಯುವ ತನಕ ಬೇರೆ ತಾಯಂದಿರು ಬೆಂಚಿನ ಮೇಲೆ ಕುಳಿತು ಭಾಜಿ ಸೊಪ್ಪು ಸೋಸುತ್ತಿದ್ದರೆ, ಸುಮಂಗಲಾ ಕೋಚ್ ಪಕ್ಕದಲ್ಲಿ ನಿಂತು ರೆಫರಿ ಕೆಲಸ ಕಲಿತಳು. ಕಲಿಯುವುದೇನು ಬಂತು, ತೀರ್ಪು ಕೊಡುವುದು ಅವಳಿಗೆ ಹುಟ್ಟಿನಿಂದ ಬಂದದ್ದು! ಇನ್ನು ಒಂದು ಪರೀಕ್ಷೆ ಪಾಸಾದರೆ ಜಿಲ್ಲೆಯ ಮಕ್ಕಳ ಪಂದ್ಯಗಳಿಗೆ ಅವಳೂ ರೆಫರಿಯಾಗಿ ಹೋಗಬಹುದಿತ್ತು. ಅದಕ್ಕೆಂದು ನೀಲಿ ಕೋಟೊಂದನ್ನು ಹೊಲಿಸಿ, ಇಸ್ತ್ರಿ ಮಾಡಿಸಿ, ಕಪಾಟಿನಲ್ಲಿ ನೇತುಹಾಕಿದ್ದಳು. ದಿನಕ್ಕೊಮ್ಮೆ ಕಪಾಟು ತೆಗೆದು ನೋಡುತ್ತಿದ್ದಳು.

ಆಗ ಕ್ಲಬ್ಬಿನವರು ವಾರ್ಷಿಕೋತ್ಸವಕ್ಕೆ ಪಾಲಕರ ಪಂದ್ಯ ಇಟ್ಟರು. ಪ್ರಶಾಂತ ಹೆಸರು ಕೊಟ್ಟ. ಅವನು ಕೊಟ್ಟ ಸುದ್ದಿ ಕಿವಿಗೆ ಬಿದ್ದ ಕೂಡಲೇ ನಾನೂ ಕೊಟ್ಟೆ.

“ನಿಮಗ ಆಟದ ನಿಯಮಾನ ಗೊತ್ತಿಲ್ಲಲ್ರಿ” ಎಂದಳು ಸುಮಂಗಲಾ.

“ಚುಚ್ಚೂದಕ್ಕ ಎಂಥಾ ನಿಯಮ?” ಎಂದೆ.

ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ಪಾಠ ಶುರುಮಾಡಿದಳು. ಫಾಯಿಲ್ ಎಂಬ ಈ ತೆಳ್ಳನೆಯ ಕತ್ತಿಯ ಆಟದಲ್ಲಿ ಎದುರಾಳಿಯ ಜಾಕೀಟಿಗೆ ತುದಿ ತಾಗಿದರೆ ದೀಪ ಹತ್ತುತ್ತದೆ. ಒಬ್ಬನ ದೀಪ ಹತ್ತಿದರೆ ತಂಟೆಯಿಲ್ಲ, ಪಾಯಿಂಟು ಅವನದು. ಇಬ್ಬರದೂ ಒಟ್ಟಿಗೆ ಹತ್ತಿದರೆ ರೆಫರಿ ಹೇಳಬೇಕು: ದಾಳಿ ಮೊದಲು ಯಾರದು? ಯಾರು ಮೊದಲು ಕೈ ಚಾಚಿ ಮುಂದೆ ಬಂದರೋ ಹಕ್ಕು ಅವರದು. ಆ ದಾಳಿಯನ್ನು ಎದುರಾಳಿ ತನ್ನ ಕತ್ತಿಯಿಂದ ತಡೆದು ತಳ್ಳಿದರೆ, ಹಕ್ಕು ಎದುರಾಳಿಗೆ ಹೋಯಿತು. ಚಾಚಬೇಕಾದ ಕೈಯನ್ನು ಹಿಂದಕ್ಕೆ ಎಳೆದುಕೊಂಡರೂ ಹೋಯಿತು.

“ತಿಳೀಲಿಲ್ಲೇನು?” ಎಂದಳು ನನ್ನ ಮುಖ ನೋಡಿ. “ಜಗಳಾದಾಗ ನೀವು ಏನಂತೀರಿ? ನೀನ ಮೊದಲ ಶುರು ಮಾಡಿದ್ದು ಅಂತೀರಿ. ಹೌದಲ್ಲೋ? ಇದೂ ಅಷ್ಟ. ಇಲ್ಲೆ ಮಾತ್ರ ಯಾರು ಶುರು ಮಾಡತಾರೋ ಅವರಿಗೆ ಪಾಯಿಂಟ್.”

ಆಹಾ! ಇಂಥ ನ್ಯಾಯಯುತವಾದ ಆಟ ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳದೆ ಎಲ್ಲಿತ್ತು ಎಂದುಕೊಂಡೆ. ಮೊದಲು ಶುರುಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಮನೆತನದಲ್ಲೇ ಇರಲಿಲ್ಲ.

ಅಭ್ಯಾಸ ಆರಂಭಿಸಿದೆ. ಕತ್ತಿ ಕ್ಲಬ್ಬಿನಲ್ಲಿರುತ್ತಿತ್ತು, ಆದ್ದರಿಂದ ಮನೆಯಲ್ಲಿ ಛತ್ರಿ. ನಮ್ಮ ಮಹಡಿಯ ಲಿಫ್ಟಿನ ಗುಂಡಿಯನ್ನು ದೂರದಿಂದ ಹಾರಿ ಬಂದು ಛತ್ರಿಯ ತುದಿಯಿಂದ ಒತ್ತುವುದು ನಾನೇ ರೂಪಿಸಿದ ತರಬೇತಿ. ಒಂದು ಬೆಳಿಗ್ಗೆ ಹಾರಿದ್ದಕ್ಕೂ ಲಿಫ್ಟಿನ ಬಾಗಿಲು ತೆರೆದದ್ದಕ್ಕೂ ಸರಿಹೋಯಿತು. ಛತ್ರಿ ಪಕ್ಕದ ಮನೆಯ ಕಾಳೆ ಕಾಕೂ ಅವರ ಚೀಲಕ್ಕೆ ನುಗ್ಗಿ ಟೊಮೆಟೊ ಒಡೆಯಿತು. ದಾಳಿಯ ಹಕ್ಕು ನನ್ನದೇ ಇತ್ತು, ನಾನೇ ಮೊದಲು ಹೊರಟಿದ್ದೆ ಎಂದು ಮರಾಠಿಯಲ್ಲಿ ವಿವರಿಸಿದೆ. ಲಿಫ್ಟಿನಲ್ಲಿ ಇಳಿಯುವವರಿಗೆ ಮೊದಲ ಹಕ್ಕು ಎಂದು ಅವರು ಇಡೀ ಬಿಲ್ಡಿಂಗಿಗೆ ಕೇಳುವಂತೆ ತಿಳಿಸಿದರು. ನನ್ನ ಮೊದಲ ಪಂದ್ಯ ಹೀಗೆ ಮುಗಿಯಿತು.

ವಾರ್ಷಿಕೋತ್ಸವದ ದಿನ ಬಂತು. ಪಾಲಕರ ಪಂದ್ಯಗಳಿಗೆ ಸುಮಂಗಲಾನೇ ರೆಫರಿ, ಅದೇ ಅವಳ ಪರೀಕ್ಷೆ ಎಂದು ತೀರ್ಮಾನವಾಗಿತ್ತು. ಅವಳನ್ನು ನೋಡಿ ಅಂಕ ಕೊಡಲು ಎಲ್ಲರೂ ಮರಾಠಿಯಲ್ಲಿ ‘ಬಾಯಿ’ ಎಂದು ಕರೆಯುವ ಹಿರಿಯ ಮಹಿಳಾ ರೆಫರಿಯೊಬ್ಬರು ಬಂದು, ಕನ್ನಡಕ ಮೂಗಿನ ತುದಿಗಿಟ್ಟು ಕುಳಿತಿದ್ದರು. ಗಂಡನ ಪಂದ್ಯಕ್ಕೆ ಹೆಂಡತಿ ರೆಫರಿಯಾಗಬಹುದೇ ಎಂದು ಯಾರೋ ಕೇಳಿದರು. ಒಬ್ಬ ಗಂಡ, ಇನ್ನೊಬ್ಬ ತಂಗಿಯ ಗಂಡ, ಎರಡೂ ಕಡೆ ನೆಂಟಸ್ತನ ಇದೆ, ಸಮ ಆಯಿತು ಎಂದು ಕೋಚ್ ನಕ್ಕುಬಿಟ್ಟರು. ಅವರಿಗೆ ನಮ್ಮ ಮನೆಯ ಚಿಕ್ಕಿಯ ವಿಷಯ ಗೊತ್ತಿರಲಿಲ್ಲ.

ನೀಲಿ ಕೋಟು ತೊಟ್ಟಿದ್ದ ಸುಮಂಗಲಾ ನನ್ನನ್ನು ಮೂಲೆಗೆ ಕರೆದಳು. “ನೋಡ್ರಿ, ಇವತ್ತ ನನ್ನ ಪರೀಕ್ಷಾ ಅದ. ಸೋತರ ಸೋಲ್ರಿ, ಗೆದ್ದರ ಗೆಲ್ಲರಿ. ನನ್ನ ಜೋಡಿ ವಾದ ಮಾತ್ರ ಮಾಡಬ್ಯಾಡ್ರಿ.”

“ನಾ ಯಾವಾಗ ವಾದ ಮಾಡೀನಿ?” ಎಂದು ವಾದ ಮಾಡಿದೆ.

ಬಿಳಿ ಉಡುಪು ಪ್ರಶಾಂತನಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ನನ್ನದು ಹೊಟ್ಟೆಯ ಹತ್ತಿರ ಮುಚ್ಚಲು ಒಪ್ಪದೆ, ಇಬ್ಬರು ಹಿಡಿದು ಜಿಪ್ ಎಳೆದರು. ಅಲ್ಲಿಂದ ಮುಂದೆ ಉಸಿರನ್ನು ಅರ್ಧರ್ಧ ತೆಗೆದುಕೊಳ್ಳಬೇಕಾಯಿತು. ಇದಕ್ಕೆಂದೇ ಊರಿನಿಂದ ಬಂದಿದ್ದ ಅತ್ತೆಯವರು ಮುಂದಿನ ಕುರ್ಚಿಯಲ್ಲಿ ಮೊಬೈಲ್ ಎತ್ತಿ ಹಿಡಿದು ಕುಳಿತರು. ಅವರಿಗೆ ವಿಡಿಯೋ ಶುರುಮಾಡಲು ಬರುತ್ತದೆ, ನಿಲ್ಲಿಸಲು ಬರುವುದಿಲ್ಲ.

“ಆಲ್ ದ ಬೆಸ್ಟ್ ಅಣ್ಣ, ಜಸ್ಟ್ ಎಂಜಾಯ್ ಮಾಡಿ” ಎಂದ ಪ್ರಶಾಂತ. ಈ ಒಳ್ಳೆಯತನವನ್ನೇ ನಾನು ಸಹಿಸದಿರುವುದು.

ಐದು ಪಾಯಿಂಟಿನ ಆಟ. ಮೊದಲ ಮೂರನ್ನು ನಾನು ಉಸಿರು ಹುಡುಕುತ್ತಿದ್ದಾಗ ಪ್ರಶಾಂತ ತೆಗೆದುಕೊಂಡ. ಆಮೇಲೆ ಅವನು ಕಾಲು ಜಾರಿದ, ನಾನು ಚುಚ್ಚಿದೆ. ಅವನು ಮುಖವಾಡ ಸರಿಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಚುಚ್ಚಿದೆ. ಮೂರನೆಯದು ಹೇಗೆ ತಾಗಿತೋ ನನಗೂ ತಿಳಿಯದು. ಮೂರಕ್ಕೆ ಮೂರು! ನಾಲ್ಕನೆಯದಕ್ಕೆ ನಾನು ನುಗ್ಗಿದೆ, ಕತ್ತಿಗೆ ಕತ್ತಿ ಟಣ್ ಎಂದಿತು, ಎರಡೂ ದೀಪ ಹತ್ತಿದವು. ಸುಮಂಗಲಾ ಒಂದು ಕ್ಷಣ ಸುಮ್ಮನೆ ನಿಂತಳು. ನಂತರ ಕೈ ಎತ್ತಿ ನನ್ನ ಕಡೆ ತೋರಿಸಿದಳು.

ನನಗೆ ಪಾಯಿಂಟು. ಪ್ರಶಾಂತ ಅವಳ ಕಡೆ ನೋಡಿದ, ತಲೆ ಬಗ್ಗಿಸಿ ಹಿಂದಕ್ಕೆ ಹೋದ. ಈ ಗಳಿಗೆಯನ್ನು ನಾನು ಸವಿಯಬೇಕಿತ್ತು. ಆದರೆ ನನ್ನ ಕಣ್ಣು ಆಗಲೇ ಮುಂದಿನ ಪಾಯಿಂಟಿನ ಮೇಲಿತ್ತು.

ಅವನೂ ಒಂದು ತೆಗೆದು ನಾಲ್ಕಕ್ಕೆ ನಾಲ್ಕು ಮಾಡಿದ. ಇನ್ನು ಒಂದೇ ಉಳಿದದ್ದು. ನಾನು ಹೆಜ್ಜೆ ಮುಂದಿಟ್ಟೆ, ಜೋರಾಗಿ ಚುಚ್ಚಲೆಂದು ಕೈಯನ್ನು ಹಿಂದಕ್ಕೆ ಎಳೆದು ತಿವಿದೆ. ಎರಡೂ ದೀಪ ಹತ್ತಿದವು. ಈ ಸಲ ಸುಮಂಗಲಾ ತಡಮಾಡಲಿಲ್ಲ. ಕೈ ನೇರವಾಗಿ ಪ್ರಶಾಂತನ ಕಡೆ ಹೋಯಿತು.

“ನಾನ ಮೊದಲ ಹೊಂಟಿದ್ದೆ” ಎಂದೆ.

“ಹೊಂಟಿದ್ರಿ. ಕೈ ಹಿಂದ ಎಳಕೊಂಡ್ರಿ. ಅವರು ಅದ ಹೊತ್ತಿಗೆ ಚಾಚಿದ್ರು. ಹಕ್ಕು ಅವರದು.”

“ಮನಸಿನಾಗ ನಾ ಯಾವಾಗೋ ಶುರು ಮಾಡಿದ್ದೆ.”

“ಮನಸಿನಾಗಿಂದು ಲೆಕ್ಕಕ್ಕ ಇಲ್ರಿ” ಎಂದು ಹಳದಿ ಕಾರ್ಡು ತೆಗೆದು ತೋರಿಸಿದಳು. ಕಟ್ಟಿಕೊಂಡ ಗಂಡನಿಗೆ, ತುಂಬಿದ ಸಭೆಯಲ್ಲಿ, ಹಳದಿ ಕಾರ್ಡು!

ಅಲ್ಲಿಗೆ ಸುಮ್ಮನಾಗಬೇಕಿತ್ತು. ಎಷ್ಟೋ ವರ್ಷದ ಚಿಕ್ಕಿ ಒಮ್ಮೆಲೇ ಮೇಲಕ್ಕೆ ಬಂತು. ಮುಖವಾಡ ಕಿತ್ತು, “ಮನ್ಯಾಗೂ ಅವನ ಕಡೆ, ಇಲ್ಲೂ ಅವನ ಕಡೆ! ನನ್ನ ಕಡೆ ಒಮ್ಮೆರೆ ನಿಂತಿಯೇನ? ನೀ ಪಕ್ಷಪಾತ ಮಾಡತಿ” ಎಂದು ಕೂಗಿದೆ. ಸಭಾಂಗಣದಲ್ಲಿ ಅರ್ಧ ಜನಕ್ಕೆ ಕನ್ನಡ ತಿಳಿಯುತ್ತಿರಲಿಲ್ಲ. ನನ್ನ ಮುಖ ನೋಡಿ ಅವರಿಗೂ ತಿಳಿಯಿತು.

ಹಿರಿಯ ಬಾಯಿ ಕನ್ನಡಕ ಮೇಲಕ್ಕೇರಿಸಿ, “ತೇ ಕಾಯ್ ಮ್ಹಣತಾಯತ್?”, ಅವರು ಏನನ್ನುತ್ತಿದ್ದಾರೆ ಎಂದು ಕೋಚ್ ಅವರನ್ನು ಕೇಳಿದರು. ಕೋಚ್ ಉತ್ತರಿಸುವ ಮೊದಲೇ ನಾನು ಮರಾಠಿಯಲ್ಲಿ ಲಿಖಿತ ದೂರಿನ ಭಾಷೆಯನ್ನೇ ಬಳಸಿ ನಿವೇದಿಸಿಕೊಂಡೆ: ರೆಫರಿ ಪಕ್ಷಪಾತಿ, ಸಾಕ್ಷ್ಯ ಲಭ್ಯವಿದೆ, ಪರಿಶೀಲಿಸಬೇಕು. ಹಾಗೆಂದು ಅತ್ತೆಯ ಕೈಯಿಂದ ಮೊಬೈಲ್ ಇಸಿದುಕೊಂಡು ನಾನೇ ಅವರ ಮುಂದೆ ಹಿಡಿದೆ.

“ಅಣ್ಣ, ಬೇಡ ಬಿಡಿ. ಪ್ಲೀಸ್, ಬಿಟ್ಬಿಡಿ” ಎಂದು ಪ್ರಶಾಂತ ನನ್ನ ತೋಳು ಹಿಡಿದ. ಹೆದರಿದ್ದಾನೆ ಎಂದುಕೊಂಡು ಕೊಸರಿಕೊಂಡೆ.

ಐದನೇ ಪಾಯಿಂಟನ್ನು ಹುಡುಕುತ್ತ ಬೆರಳಾಡಿಸಿದಾಗ ವಿಡಿಯೋ ನಾಲ್ಕನೆಯದಕ್ಕೆ ಹೋಗಿ ನಿಂತಿತು. ಮೊದಲು ಕೇಳಿಸಿದ್ದು ಅತ್ತೆಯವರ ದನಿ: “ಬಿಳೇ ಅರಿವಿಯೊಳಗ ಪ್ರಶಾಂತ ಎಷ್ಟ ಚಂದ ಕಾಣತಾನ.” ಆಮೇಲೆ ಕಾಣಿಸಿದ್ದು ನಾನು. ನುಗ್ಗುತ್ತೇನೆ. ಪ್ರಶಾಂತ ನನ್ನ ಕತ್ತಿಯನ್ನು ತಡೆದು, ಪಕ್ಕಕ್ಕೆ ತಳ್ಳಿ, ತಿರುಗಿ ಚುಚ್ಚುತ್ತಾನೆ. ತಳ್ಳಿಸಿಕೊಂಡ ಮೇಲೂ ನಾನು ಇನ್ನೊಮ್ಮೆ ತಿವಿಯುತ್ತೇನೆ. ಎರಡು ದೀಪ.

ಬಾಯಿ ಅದನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದರು. “ಹಾ ಪಾಯಿಂಟ್ ಕೋಣಾಲಾ ದಿಲಾ?” ಎಂದು ಕೇಳಿದರು. ಈ ಪಾಯಿಂಟು ಯಾರಿಗೆ ಕೊಟ್ಟದ್ದು?

ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ನನಗೂ ಕಾಣುವಷ್ಟು ದೊಡ್ಡ ತಪ್ಪು ಅದು. ಆ ಪಾಯಿಂಟು ಪ್ರಶಾಂತನದು. ನನಗೆ ಕೊಟ್ಟವಳು ಸುಮಂಗಲಾ. ಅದು ಪ್ರಶಾಂತನಿಗೂ ಆಗಲೇ ಗೊತ್ತಿತ್ತು.

ಐದನೆಯದನ್ನೂ ಬಾಯಿ ನೋಡಿದರು. ಅದು ಸರಿಯಾಗಿಯೇ ಇತ್ತು, ನನ್ನ ಕೈ ಮೊಣಕೈ ಸಮೇತ ಬೆನ್ನ ಹಿಂದಕ್ಕೆ ಹೋಗಿತ್ತು. ಆಟ ಮುಂದುವರಿದ ಮೇಲೆ ಹಳೆಯ ತೀರ್ಪು ಬದಲಿಸುವಂತಿಲ್ಲ, ಫಲಿತಾಂಶ ಹಾಗೇ ಇರಲಿ ಎಂದರು. ಆಮೇಲೆ ಸುಮಂಗಲಾಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಏನೋ ಹೇಳಿದರು. ಅವಳು ತಲೆಯಾಡಿಸುತ್ತ ಕೇಳಿದಳು, ನೀಲಿ ಕೋಟನ್ನು ಬಿಚ್ಚಿ ಮಡಿಚಿ ಚೀಲದಲ್ಲಿಟ್ಟುಕೊಂಡಳು. ಮುಂದಿನ ಸಲ ಮತ್ತೆ ಪರೀಕ್ಷೆಗೆ ಬರಬೇಕಂತೆ.

ಅತ್ತೆ, ನಮ್ಮ ಮಗಳು ಇಬ್ಬರೂ ಪ್ರಶಾಂತನ ಕಾರಿನಲ್ಲಿ ಹೊರಟರು. ನನ್ನ ಸ್ಕೂಟರಿನ ಹಿಂದೆ ಸುಮಂಗಲಾ ಕುಳಿತಳು, ನಡುವೆ ಚೀಲ ಇಟ್ಟುಕೊಂಡು. ಚೌಕದ ಸಿಗ್ನಲ್ಲಿನಲ್ಲಿ ನಿಂತಾಗ ಧೈರ್ಯ ಮಾಡಿ ಕೇಳಿದೆ.

“ಅದು ನಿನ್ನ ಕಣ್ಣಿಗೆ ಕಾಣಲಿಲ್ಲೇನ?”

“ಕಂಡಿತ್ತು.”

“ಮತ್ತ ನನಗ್ಯಾಕ ಕೊಟ್ಟಿ?”

ದೀಪ ಹಸಿರಾಯಿತು, ಹಿಂದಿನವರು ಹಾರನ್ ಹೊಡೆಯತೊಡಗಿದರು.

“ಅಷ್ಟ ಕಷ್ಟಾಪಟ್ಟು ಮೂರಕ್ಕ ಮೂರು ಮಾಡಿಕೊಂಡಿದ್ರಿ. ಮುಖವಾಡದ ಒಳಗಿಂದ ಏದುಸಿರು ಕೇಳಸ್ತಿತ್ತು. ಕೈ ತಾನ ನಿಮ್ಮ ಕಡೆ ಹೋತು” ಎಂದಳು. “ನಡೀರಿ ಮುಂದ.”

ಅವಳು ಮತ್ತೆ ಪರೀಕ್ಷೆಗೆ ಕುಳಿತು ಪಾಸಾದಳು. ಆ ದಿನ ನನ್ನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಳು. ಈಗ ಮಕ್ಕಳ ಪಂದ್ಯಗಳಲ್ಲಿ ಅವಳ ತೀರ್ಪೆಂದರೆ ತೂಕದ ಕಲ್ಲು, ಯಾರ ಮುಲಾಜಿಗೂ ಬೀಳುವುದಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ. ಮನೆಯಲ್ಲೂ ಅದೇ ಆಗಿದೆ. ಯಾವ ವಿಷಯದಲ್ಲೂ ನನಗೆ ಅರ್ಧ ಪಾಯಿಂಟೂ ಹೆಚ್ಚಿಗೆ ಸಿಗುವುದಿಲ್ಲ.

ಪ್ರಶಾಂತನ ಮೇಲೆ ನನಗೀಗ ಹೊಟ್ಟೆಕಿಚ್ಚು ಇಲ್ಲ. ನಿಜವಾಗಿಯೂ ಇಲ್ಲ. ಅವನಿಗೆ ಸಿಗುವುದೆಲ್ಲ ನ್ಯಾಯವಾಗಿ ಸಿಕ್ಕದ್ದು, ಪಾಪ. ಆದರೆ ಆ ದಿನ, ನಾಲ್ಕನೇ ಪಾಯಿಂಟಿಗೂ ಐದನೆಯದಕ್ಕೂ ನಡುವೆ, ಬಿಗಿಯಾದ ಬಿಳಿ ಉಡುಪಿನಲ್ಲಿ ಒಬ್ಬ ಮನುಷ್ಯ ನಿಂತಿದ್ದನಲ್ಲ? ಅವನಿಗಾಗಿ ಸುಮಂಗಲಾ ತನ್ನ ಪರೀಕ್ಷೆಯನ್ನೇ ಪಣಕ್ಕಿಟ್ಟು ಸುಳ್ಳು ತೀರ್ಪು ಕೊಟ್ಟಿದ್ದಳು, ಮತ್ತು ಆ ದಡ್ಡನಿಗೆ ಅದು ಗೊತ್ತೂ ಇರಲಿಲ್ಲ. ಅವನನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಧಗಧಗ ಉರಿಯುತ್ತದೆ.